ಸದ್ಯ, ಇನ್ನು ಗೋಲು ಹೊಡೆಯಬೇಕಾಗಿಲ್ಲ

ಎದುರಿಗೆ ಯಾರೇ ಬರಲಿ, ನಾನು ಮೊದಲು ನೋಡುವುದು ಅವರ ಮೊಣಕಾಲನ್ನು. ಮುಖ ಆಮೇಲೆ. ಇದು ಒಳ್ಳೆಯ ಅಭ್ಯಾಸವಲ್ಲ ಅಂತ ನನಗೂ ಗೊತ್ತು. ಹೋದ ಯುಗಾದಿಗೆ ನಮ್ಮ ಕನ್ನಡದವರೆಲ್ಲ ಸೇರಿ ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನ ಒಂದು ಶಾಲೆಯಲ್ಲಿ ಊಟ ಇಟ್ಟುಕೊಂಡಿದ್ದರು. ಒಬ್ಬಾಕೆ ನನ್ನ ಕಡೆಗೆ ನಡೆದು ಬರುತ್ತಿದ್ದಳು. ನಾನು ದೃಷ್ಟಿ ಕೆಳಗಿಟ್ಟು ನೋಡುತ್ತಲೇ ಇದ್ದೆ. ಹತ್ತಿರ ಬಂದವಳು ನೆರಿಗೆ ಸರಿಮಾಡಿಕೊಂಡು, "ಚೆನ್ನಾಗಿದ್ಯಾ ಆಂಟಿ? ಅಮ್ಮನ ಸೀರೆ, ಹಳೇ ಮೈಸೂರ್ ಸಿಲ್ಕ್," ಅಂದಳು. "ತುಂಬಾ ಚೆನ್ನಾಗಿದೆಯಮ್ಮ," ಅಂದೆ. ನಾನು ನೋಡುತ್ತಿದ್ದದ್ದು ಅವಳು ಬಲಗಾಲನ್ನು ಪೂರ್ತಿ ಮಡಿಸದೆ ಎತ್ತಿಡುವುದನ್ನು. ಮೆಟ್ಟಿಲು ಇಳಿಯುವಾಗ ನೋವು ಬರುತ್ತಾ ಅಂತ ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಕೈಗೆ ಒಬ್ಬಟ್ಟಿನ ತಟ್ಟೆ ಕೊಟ್ಟರು, ಮಾತು ಒಬ್ಬಟ್ಟಿನ ಜೊತೆ ಒಳಗೆ ಹೋಯಿತು.

ಕಾರಿನಲ್ಲಿ ವಾಪಸು ಬರುವಾಗ ಮೊಮ್ಮಗಳು ತನ್ನ ಇಂಗ್ಲಿಷಿನಲ್ಲಿ ಬೈದಳು: "ಅಜ್ಜಿ, ಸ್ಟಾಪ್ ಸ್ಟೇರಿಂಗ್ ಅಟ್ ಪೀಪಲ್ಸ್ ಲೆಗ್ಸ್!"

ಏನು ಮಾಡಲಿ? ಈ ಚಟ ನನಗೆ ಅಂಟಿಸಿದವನು ಡೆನಿಸ್. ಐರ್ಲೆಂಡಿನ ಫುಟ್‌ಬಾಲ್ ಆಟಗಾರ, ಆಮೇಲೆ ಮ್ಯಾನೇಜರು, ಅಂದರೆ ತಂಡದ ಕೋಚು. ಅವನ ಎಡ ಮೊಣಕಾಲನ್ನು ನಾನು ನೋಡಿದಷ್ಟು ಸಲ ನನ್ನ ಮದುವೆಯ ಆಲ್ಬಮ್ಮನ್ನೂ ನೋಡಿಲ್ಲ.

ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಮದುವೆಯಾಗಿ, ನಮ್ಮವರ ಹಿಂದೆ ನಾನು ಶಿಕಾಗೋಗೆ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ನಮ್ಮವರು ಎಂಜಿನಿಯರಿಂಗ್‌ನ ಮೇಲಿನ ಓದು ಓದುತ್ತಿದ್ದರು. ನನಗೆ ಬೇಕಾಗಿದ್ದದ್ದು ಸರ್ಜರಿ. ಸಿಕ್ಕಿದ್ದು ಒಂದು ದೊಡ್ಡ ಆಸ್ಪತ್ರೆಯ ಬೇಸ್‌ಮೆಂಟಿನಲ್ಲಿದ್ದ ಫಿಸಿಕಲ್ ಮೆಡಿಸಿನ್ ವಿಭಾಗ. ಪಾರ್ಶ್ವವಾಯು ಹೊಡೆದವರಿಗೆ, ಕಾಲು ಮುರಿದುಕೊಂಡವರಿಗೆ ಮತ್ತೆ ನಡೆಯಲು ಕಲಿಸುವ ಜಾಗ ಅದು. ಅಲ್ಲಿನ ಹಿರಿಯ ಡಾಕ್ಟರು ಒಂದು ದಿನ ನನ್ನನ್ನು ಕರೆದು, "ಒಬ್ಬ ಫುಟ್‌ಬಾಲ್ ಆಟಗಾರ ಬಂದಿದ್ದಾನೆ. ಆದರೆ ಹೆಲ್ಮೆಟ್ ಇಲ್ಲದ ಫುಟ್‌ಬಾಲಂತೆ, ಕಾಲಲ್ಲೇ ಆಡುತ್ತಾರಂತೆ. ನಿಮ್ಮ ಕಡೆಯ ಆಟ ಇರಬೇಕು, ನೀವೇ ನೋಡಿ," ಅಂದರು. ಅವರ ಲೆಕ್ಕದಲ್ಲಿ ಮೈಸೂರು, ಐರ್ಲೆಂಡು ಎಲ್ಲ ಒಂದೇ ಕಡೆ.

ಟೇಬಲ್ಲಿನ ಮೇಲೆ ಕೂತಿದ್ದವನಿಗೆ ನನ್ನಷ್ಟೇ ವಯಸ್ಸು. ಕೆಂಚು ಕೂದಲು, ಹೊರಕ್ಕೆ ನಿಂತ ಕಿವಿ, ಹಲಸಿನಹಣ್ಣಿನ ಹಾಗೆ ಊದಿದ ಮೊಣಕಾಲು. ಹೇಗಾಯಿತು ಅಂತ ಕೇಳಿದೆ. ಅವನು ದೀರ್ಘವಾಗಿ ಉಸಿರೆಳೆದುಕೊಂಡು, ಚಿಕ್ಕ ಮಕ್ಕಳಿಗೆ ಹೇಳುವವನ ಹಾಗೆ ಶುರುಮಾಡಿದ: "ನೋಡಿ ಡಾಕ್ಟರ್, ನಮ್ಮ ಆಟದಲ್ಲಿ ಕಾರ್ನರ್ ಕಿಕ್ ಅಂತ ಒಂದಿರುತ್ತೆ. ಮೈದಾನದ ಮೂಲೆಯಿಂದ…"

"ಗೊತ್ತು. ಹೆಡ್ ಮಾಡೋಕೆ ಹಾರಿದ್ರಿ, ಇಳಿಯೋವಾಗ ಕಾಲಿನ ಕೆಳಗೆ ಇನ್ಯಾರದೋ ಕಾಲಿತ್ತು. ಅಷ್ಟೇ ತಾನೆ?"

ಡೆನಿಸ್ ನನ್ನ ಸೀರೆಯನ್ನೂ ಬಿಳಿ ಕೋಟನ್ನೂ ಒಂದು ಸಲ ನೋಡಿದ. "ಶಿಕಾಗೋಗೆ ಬಂದಮೇಲೆ ಕಾರ್ನರ್ ಕಿಕ್ ಅಂದರೆ ಏನು ಅಂತ ನನ್ನನ್ನ ಕೇಳದೇ ಇರೋ ಮೊದಲನೇ ಮನುಷ್ಯರು ನೀವು," ಅಂದ. (ಅವನು ಮಾತಾಡುತ್ತಿದ್ದದ್ದು ಇಂಗ್ಲಿಷು, ಅದೂ ಕಾರ್ಕ್ ಊರಿನ ರಾಗದ್ದು. ನನ್ನ ನೆನಪಿನಲ್ಲಿ ಮಾತ್ರ ಅವನು ಯಾವತ್ತೂ ಮೈಸೂರು ಕನ್ನಡದಲ್ಲೇ ಮಾತಾಡುತ್ತಾನೆ. ಅವನಿಗೆ ಬೇಜಾರಾಗಲಾರದು ಅಂದುಕೊಂಡಿದ್ದೇನೆ.)

ನನಗೆ ಗೊತ್ತಿದ್ದ ಫುಟ್‌ಬಾಲೆಲ್ಲ ನಮ್ಮಪ್ಪನದು. ಅಪ್ಪ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸದಾ ಒಂದು ಸೀಟಿ. ಮನೆಯಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಬೆಳಗ್ಗೆ ನಾವು ಏಳುತ್ತಿದ್ದದ್ದು ಸೀಟಿಗೆ, ಸಾಲಾಗಿ ಸ್ನಾನಕ್ಕೆ ಹೋಗುತ್ತಿದ್ದದ್ದು ಸೀಟಿಗೆ. ಒಂದು ಸಲ ಊಟಕ್ಕೆ ಕೂತಾಗ ನನ್ನ ತಮ್ಮ ಅಕ್ಕನ ಹಪ್ಪಳ ಕಿತ್ತುಕೊಂಡದ್ದಕ್ಕೆ ಅಪ್ಪ ಸೀಟಿ ಊದಿ, "ಫೌಲ್!" ಅಂತ ಹಪ್ಪಳ ವಾಪಸು ಕೊಡಿಸಿದ್ದರು. ಅಮ್ಮ ಆ ಸೀಟಿಯನ್ನು ಬಚ್ಚಲ ಒಲೆಗೆ ಹಾಕುತ್ತೇನೆ ಅಂತ ವರ್ಷಗಟ್ಟಲೆ ಹೆದರಿಸಿದಳು. ಸಂಜೆ ಮೈದಾನದಲ್ಲಿ ಬರಿಗಾಲಿನ ಹುಡುಗರ ಆಟಕ್ಕೆ ಅಪ್ಪ ರೆಫ್ರಿ. ಗೆರೆಯ ಆಚೆ ಕಡಲೆಕಾಯಿ ತಿನ್ನುತ್ತಾ ಕೂತು ನಾನು ಆಫ್‌ಸೈಡು, ಪೆನಾಲ್ಟಿ ಎಲ್ಲ ಕಲಿತೆ. ಸಮುದ್ರ ದಾಟಿ ಬಂದ ಊರಿನಲ್ಲಿ ಈ ವಿದ್ಯೆ ಉಪಯೋಗಕ್ಕೆ ಬರುತ್ತದೆ ಅಂತ ಯಾರು ಎಣಿಸಿದ್ದರು?

ಡೆನಿಸ್ ಹದಿನಾರಕ್ಕೇ ಕಾರ್ಕ್ ಬಿಟ್ಟು ಇಂಗ್ಲೆಂಡಿನ ಕ್ಲಬ್ಬು ಸೇರಿದವನು. ಸ್ಟ್ರೈಕರು, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವನು. ಒಂದೆರಡು ಸಲ ದೇಶದ ತಂಡಕ್ಕೂ ಆಡಿದ್ದ. ಅಮೆರಿಕದಲ್ಲಿ ಆಗ ಹೊಸದಾಗಿ ಸಾಕರ್ ಲೀಗು ಹುಟ್ಟಿ, ಶಿಕಾಗೋದ ಕ್ಲಬ್ಬಿನವರು ಅವನನ್ನು ಕರೆಸಿಕೊಂಡಿದ್ದರು. ಆಡುತ್ತಿದ್ದದ್ದು ಬೇಸ್‌ಬಾಲಿನ ದೊಡ್ಡ ಸ್ಟೇಡಿಯಮ್ಮಿನಲ್ಲಿ. "ನೋಡೋಕೆ ಬರೋರು ನಮ್ಮ ಹೆಸರು ಹಿಡಿದು ಕೂಗಿದ್ರೆ, ನಾವೂ ಅವರವರ ಹೆಸರು ಹಿಡಿದು ಕೂಗಬಹುದು. ಅಷ್ಟೇ ಜನ," ಅನ್ನುತ್ತಿದ್ದ.

ಆಪರೇಷನ್ ಆದಮೇಲೆ ಚಳಿಗಾಲ ಪೂರ್ತಿ ಅವನು ನಮ್ಮ ಬೇಸ್‌ಮೆಂಟಿಗೆ ಬಂದ. ಹೊರಗೆ ಸೊನ್ನೆ ಫ್ಯಾರನ್‌ಹೀಟ್, ಒಳಗೆ ಡೆನಿಸ್ ಪಾದಕ್ಕೆ ಮರಳಿನ ಚೀಲ ಕಟ್ಟಿಕೊಂಡು ಕಾಲೆತ್ತುತ್ತಾ ಬೆವರುತ್ತಿದ್ದ. ಪಕ್ಕದಲ್ಲಿ ವಾಕರ್ ಹಿಡಿದ ಅಜ್ಜಿಯರನ್ನು ನಗಿಸುತ್ತಿದ್ದ. ಒಂದು ಭಾನುವಾರ ಅವನೂ ಹೆಂಡತಿ ಮೋರಾಳೂ ನಮ್ಮ ಮನೆಗೆ ಊಟಕ್ಕೆ ಬಂದರು. ಸಾರನ್ನು ಸೂಪು ಅಂದುಕೊಂಡು ಡೆನಿಸ್ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದ. ಕಿವಿ ಎರಡೂ ಕೆಂಪಾದವು. ಕಣ್ಣೀರು ಒರೆಸಿಕೊಂಡು ಇನ್ನೊಂದು ಲೋಟ ಕೇಳಿದ. ನಮ್ಮವರಿಗೆ ಆಟದ ಗಂಧವೇ ಇಲ್ಲ, ಆದರೆ ಸಾರನ್ನು ಮೆಚ್ಚಿದವನನ್ನು ಅವರು ಬಿಟ್ಟುಕೊಡುವವರಲ್ಲ. ಸ್ನೇಹ ಗಟ್ಟಿಯಾಯಿತು. ಬೇಸಿಗೆಗೆ ಡೆನಿಸ್ ಮತ್ತೆ ಮೈದಾನಕ್ಕಿಳಿದ, ಗೋಲುಗಳನ್ನೂ ಹೊಡೆದ. ಅಷ್ಟರಲ್ಲಿ ನಮ್ಮವರಿಗೆ ವಾರೆನ್‌ನಲ್ಲಿ ಕಾರಿನ ಕಂಪೆನಿಯ ಕೆಲಸ ಸಿಕ್ಕಿ ನಾವು ಡೆಟ್ರಾಯಿಟ್ ಕಡೆಗೆ ಬಂದೆವು.

ಕೆಲವು ವರ್ಷ ಕಳೆದಮೇಲೆ ಒಂದು ಫೋನು. "ಡಾಕ್ಟರ್, ನಾವೂ ಬಂದ್ವಿ. ನಿಮ್ಮ ಡೆಟ್ರಾಯಿಟ್ ಹತ್ರಾನೇ, ಪ್ಲಿಮತ್‌ನಲ್ಲಿ ಮನೆ ಮಾಡಿದೀವಿ. ಮೊಣಕಾಲೂ ಜೊತೆಗೇ ಬಂದಿದೆ."

ಡೆಟ್ರಾಯಿಟ್‌ನ ಒಂದು ಚಿಕ್ಕ ಕ್ಲಬ್ಬು ಅವನನ್ನು ಕರೆಸಿಕೊಂಡಿತ್ತು. ಅದರ ಮಾಲೀಕ ಹಳೇ ಕಾರುಗಳ ವ್ಯಾಪಾರಿ, ಬಾಯಲ್ಲಿ ಸದಾ ಹೊತ್ತಿಸದ ಚುಟ್ಟ. ಸಾಕರ್ ಅವನಿಗೆ ಅಷ್ಟಕ್ಕಷ್ಟೆ. "ಕೈ ಇಟ್ಕೊಂಡು ಯಾಕೆ ಉಪಯೋಗಿಸಲ್ಲ ಇವರು?" ಅಂತ ಒಂದು ಸಲ ನನ್ನನ್ನೇ ಕೇಳಿದ್ದ. ಆದರೆ ತನ್ನ ಅಂಗಡಿಯ ಮುಂದೆಲ್ಲ ಡೆನಿಸ್ ಗಾಳಿಯಲ್ಲಿ ಹಾರುತ್ತಿರುವ ಪೋಸ್ಟರು ಹಚ್ಚಿಸಿದ್ದ. ಸೀಸನ್ನಿನ ಮೊದಲ ಮ್ಯಾಚಿಗೆ ವಾರವಿದೆ ಅನ್ನುವಾಗ ಮೊಣಕಾಲು ಮತ್ತೆ ಊದಿಕೊಂಡಿತು. ಕ್ಲಬ್ಬಿಗೆ ಅಂತ ಇದ್ದ ಡಾಕ್ಟರು ಮಾಲೀಕನ ಸ್ನೇಹಿತ, ಹೆರಿಗೆ ತಜ್ಞ. ಪಾಪ, ಅವರೇ ಕೈಮುಗಿದುಬಿಟ್ಟರು. ಡೆನಿಸ್ ನನ್ನ ಹೆಸರು ಹೇಳಿದ.

ಅವರು ಅಭ್ಯಾಸ ಮಾಡುತ್ತಿದ್ದದ್ದು ಒಂದು ಹೈಸ್ಕೂಲಿನ ಮೈದಾನದಲ್ಲಿ. ಅಲ್ಲಿ ನರ್ಸಿನ ಕೋಣೆಯಲ್ಲಿ ಅವನನ್ನು ಮಲಗಿಸಿ, ಮೊಣಕಾಲು ಮಡಿಸಿ, ಕೆಳಗಿನ ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆಳೆದೆ. ಹಳೇ ಮೇಜಿನ ಡ್ರಾಯರಿನ ಹಾಗೆ ಸರಕ್ಕನೆ ಮುಂದೆ ಬಂತು. ಒಳಗೆ ಮೂಳೆಗಳನ್ನು ಹಿಡಿದಿಡಬೇಕಾದ ಲಿಗಮೆಂಟು ಹರಿದುಹೋಗಿತ್ತು. ಎಕ್ಸ್‌ರೇ ನೋಡಿ ನಾಳಿದ್ದು ಹೇಳುತ್ತೇನೆ ಅಂತ ಹೇಳಿ ಬಂದೆ. ಎಕ್ಸ್‌ರೇಯಲ್ಲಿ ಸವೆದ ಮೂಳೆಯೂ ಕಾಣಿಸಿತು. ಇನ್ನೊಂದು ಸೀಸನ್ ಆಡಿದರೆ ಮನುಷ್ಯ ಜೀವನಪೂರ್ತಿ ಕೋಲು ಹಿಡಿಯಬೇಕು. ಆಡದಿದ್ದರೆ ಕ್ಲಬ್ಬಿನವರು ಕೈಬಿಟ್ಟಾರು. ಆಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಬಂದ ದಾರಿಯಲ್ಲೇ ಊರಿಗೆ ವಾಪಸು.

ಹೇಳುವುದು ಹೇಗೆ? ಕಾರಿನಲ್ಲಿ ಒಬ್ಬಳೇ ಅಭ್ಯಾಸ ಮಾಡುತ್ತಾ ಹೋದೆ. "ಡೆನಿಸ್, ಎಲ್ಲದಕ್ಕೂ ಒಂದು ಕಾಲ…" ಥೂ, ಹರಿಕಥೆಯ ಹಾಗಿದೆ. "ಡೆನಿಸ್, ವಿಜ್ಞಾನ ಏನು ಹೇಳುತ್ತೆ ಅಂದರೆ…" ಅದೂ ಬೇಡ. ಈ ಗಡಿಬಿಡಿಯಲ್ಲಿ ಹೆದ್ದಾರಿಯ ಎಕ್ಸಿಟ್ ತಪ್ಪಿ, ಯಾವುದೋ ಬಡಾವಣೆಯೊಳಗೆ ಸುತ್ತುಹೊಡೆದು, ತಡವಾಗಿ ಹೋಗಿ ತಲುಪಿದೆ. ನರ್ಸಿನ ಕೋಣೆಯ ಬಾಗಿಲ ಹೊರಗೆ ಮಾಲೀಕ ಚುಟ್ಟ ಕಚ್ಚಿಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಮೋರಾ. ಒಳಗೆ ಡೆನಿಸ್ ಒಬ್ಬನೇ ಬೆಂಚಿನ ಮೇಲೆ ಕೂತಿದ್ದ. ಸಿದ್ಧಮಾಡಿಕೊಂಡದ್ದೆಲ್ಲ ಮರೆತುಹೋಯಿತು.

"ಇನ್ನು ಆಡಬೇಡಿ ಡೆನಿಸ್," ಅಂದೆ. "ಈ ಸೀಸನ್ ಒಂದೇ ಅಲ್ಲ. ಯಾವತ್ತೂ."

"ಇನ್ನೊಂದ್ಸಲ ಹೇಳಿ ಡಾಕ್ಟರ್."

ಹೇಳಿದೆ. ಅವನು ಬೆಂಚಿನ ಮೇಲೆ ಅಂಗಾತ ಮಲಗಿ ತೋಳಿನಿಂದ ಮುಖ ಮುಚ್ಚಿಕೊಂಡ. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂತ ನಾನು ನೀರು ತರಲು ಎದ್ದೆ. ತೋಳು ಸರಿಸಿದಾಗ ನೋಡುತ್ತೇನೆ, ಮನುಷ್ಯ ನಗುತ್ತಿದ್ದಾನೆ. ಕಣ್ಣಲ್ಲಿ ನೀರೂ ಇತ್ತು, ಆದರೆ ಅದು ನಗುವಿನ ನೀರು. ಅವನು ಆಗ ತನ್ನ ದೇವರನ್ನೆಲ್ಲ ಕರೆದು ಇಂಗ್ಲಿಷಿನಲ್ಲಿ ಏನೇನೋ ಅಂದ. ಕನ್ನಡದಲ್ಲಾದರೆ ಅದಕ್ಕೆಲ್ಲ ಒಂದೇ ಮಾತು ಸಾಕು: "ಸದ್ಯ!"

ಆಮೇಲೆ ಮೆಲ್ಲಗೆ ಹೇಳಿದ. "ಹದಿನಾರು ವರ್ಷದವನಾಗಿದ್ದಾಗಿಂದ ಪ್ರತೀ ಮ್ಯಾಚಿನ ದಿನ ಬೆಳಗ್ಗೆ ವಾಂತಿ ಮಾಡ್ತೀನಿ. ಮಕ್ಕಳಿಗೆ ಕೇಳಿಸಬಾರದು ಅಂತ ಮೋರಾ ಬಾತ್‌ರೂಮಿನ ನಲ್ಲಿ ಬಿಡ್ತಾಳೆ. ಬೇರೆ ಆಟಗಾರರಿಗೆ ಚೆನ್ನಾಗಿ ಆಡಿದ್ರೆ ಸಾಕು ಡಾಕ್ಟರ್. ನಾನು ಎಷ್ಟು ಚೆನ್ನಾಗಿ ಆಡಿದ್ರೂ ಸಂಜೆಗೆ ಒಂದೇ ಪ್ರಶ್ನೆ, ಗೋಲ್ ಹೊಡೆದ್ಯಾ? ಹೊಡೆದ್ರೆ ಮುಂದಿನ ವಾರದ ಭಯ. ಹೊಡೀಲಿಲ್ಲ ಅಂದ್ರೆ ಈ ವಾರದ್ದೇ."

"ಮತ್ತೆ ಯಾಕೆ ಬಿಡಲಿಲ್ಲ?"

"ಹೇಗೆ ಬಿಡೋದು? ಊರಿನಲ್ಲಿ ನಮ್ಮ ಬೀದಿಗೆ ಬೀದಿಯೇ ನನ್ನ ಹೆಸರು ಹೇಳ್ತಾ ಇದೆ. ನಮ್ಮಪ್ಪ ಹಡಗುಕಟ್ಟೆಯಲ್ಲಿ ಎಲ್ಲರ ಮುಂದೆ ಎದೆ ಸೆಟೆಸಿಕೊಂಡು ಓಡಾಡ್ತಾರೆ. ಭಯ ಆಗುತ್ತೆ ಅಂತ ಅವರಿಗೆ ಹೇಳಲಾ? ಯಾರಾದ್ರೂ ಬೇರೆಯವರು ಬಂದು ಸಾಕು ನಿಲ್ಲಿಸು ಅನ್ನಲಿ ಅಂತ ಕಾಯ್ತಾ ಇದ್ದೆ."

ಬಾಗಿಲು ತೆರೆದು ಮಾಲೀಕನಿಗೆ ವಿಷಯ ಹೇಳಿದೆ. ಅವನ ಮುಖ ಸಣ್ಣಗಾಯಿತು. "ಊರೆಲ್ಲಾ ಪೋಸ್ಟರ್ ಹಚ್ಚಿದೀನಲ್ಲಾ!" ಅಂದ. ಹಿಂದಿನ ಮ್ಯಾನೇಜರು ಬೇರೆ ಊರಿನ ಕ್ಲಬ್ಬಿಗೆ ಹಾರಿಹೋಗಿ, ಆ ದಿನಗಳಲ್ಲಿ ಗೆರೆಯ ಪಕ್ಕ ನಿಂತು ಕೂಗಾಡುತ್ತಿದ್ದವನು ಈ ಮಾಲೀಕನೇ. ಆಗ ಮೋರಾ ಮುಂದೆ ಬಂದಳು. ಅವಳು ಕುಳ್ಳಿ, ಮಾಲೀಕನ ಮುಖ ನೋಡಬೇಕಾದರೆ ತಲೆ ಪೂರಾ ಎತ್ತಬೇಕು. "ಪೋಸ್ಟರಿನಲ್ಲಿ ಇರೋದು ಅವನ ಮುಖ ತಾನೆ?" ಅಂದಳು. "ಮುಖಕ್ಕೇನೂ ಆಗಿಲ್ಲ. ಅದನ್ನ ಮ್ಯಾನೇಜರ್ ಬೆಂಚಿನ ಮೇಲೆ ಕೂರಿಸಿ. ಕೂಗಾಡೋದಾದ್ರೂ ಗೊತ್ತಿರೋನು ಕೂಗಾಡಲಿ." ಮಾಲೀಕ ಚುಟ್ಟವನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ಸರಿಸಿ ಯೋಚಿಸಿದ. "ಈ ಸೀಸನ್ ಮಟ್ಟಿಗೆ," ಅಂದ. ಡೆನಿಸ್ ಮ್ಯಾನೇಜರಾದದ್ದು ಹೀಗೆ.

ಇಲ್ಲಿ ಸ್ವಲ್ಪ ನನ್ನ ಕಥೆ. ನಾನು ಸರ್ಜರಿಗೆ ಅಪ್ಲೈ ಮಾಡುವುದನ್ನು ಆಗಲೂ ಬಿಟ್ಟಿರಲಿಲ್ಲ. ಪ್ರತೀ ವರ್ಷ ಅಪ್ಲೈ ಮಾಡುವುದು, ಇಂಟರ್‌ವ್ಯೂನಲ್ಲಿ "ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ?" ಅಂತ ಕೇಳಿಸಿಕೊಳ್ಳುವುದು, ಇಲ್ಲ ಅನ್ನಿಸಿಕೊಂಡು ಬಂದು ಮಂಕಾಗಿ ಕೂರುವುದು. ಡೆನಿಸ್‌ನ ಮಾತು ಕೇಳಿ ಮನೆಗೆ ಬರುವಾಗ ಒಂದು ವಿಚಾರ ಹೊಳೆಯಿತು. ಇಲ್ಲ ಅಂದಾಗಲೆಲ್ಲ ನನಗೆ ಆಗುತ್ತಿದ್ದದ್ದು ದುಃಖವಲ್ಲ. ಮೊದಲು ಒಂದು ಕ್ಷಣ ಎದೆ ಹಗುರವಾಗುತ್ತಿತ್ತು. ದುಃಖವನ್ನು ನಾನು ಆಮೇಲೆ ಕರೆದು ಕೂರಿಸಿಕೊಳ್ಳುತ್ತಿದ್ದೆ, ಅಪ್ಪನಿಗೋಸ್ಕರ. ಮಗಳು ಸರ್ಜನ್ ಆಗಬೇಕು ಅನ್ನುವುದು ಅಪ್ಪನ ಆಸೆ. ನನಗೋ, ಬೇಸ್‌ಮೆಂಟಿನಲ್ಲಿ ಒಬ್ಬರು ಕೈ ಬಿಟ್ಟು ನಾಲ್ಕು ಹೆಜ್ಜೆ ಇಟ್ಟರೆ ಆ ದಿನವೆಲ್ಲ ಹಬ್ಬ.

ಮೈಸೂರಿನಲ್ಲಿ ಅಪ್ಪನ ಪಕ್ಕದ ಮನೆಯ ವಕೀಲರ ಫೋನಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಅಪ್ಪನನ್ನು ಕರೆಸಿದೆ. ಲೈನಿನಲ್ಲಿ ಸಮುದ್ರದ ಸದ್ದು. "ಅಪ್ಪಾ, ನಾನು ಸರ್ಜನ್ ಆಗಲ್ಲ!" ಅಂತ ಕಿರುಚಿದೆ.

"ಏನಾಗಲ್ಲ?"

"ಸರ್ಜನ್! ನಿಮಗೆ ಆಸೆ ಇತ್ತಲ್ಲ!"

"ನನಗಾ? ನಾನ್ಯಾವಾಗ ಅಂದೆನೇ? ಒಂದ್ಸಲ ನಿಮ್ಮಮ್ಮನ್ನ ರೇಗಿಸೋಕೆ ಅಂದಿರಬೇಕು. ಹಲಸಿನಹಣ್ಣು ಬಿಡಿಸೋಕೇ ಹೆದರ್ತಿದ್ದೆ ನೀನು. ಊಟ ಆಯ್ತಾ?"

ಆ ವರ್ಷದಿಂದ ನಾನು ಅಪ್ಲೈ ಮಾಡಲಿಲ್ಲ. ಶನಿವಾರ ಬಂದರೆ ಆ ಹೈಸ್ಕೂಲಿನ ನರ್ಸಿನ ಕೋಣೆಯಲ್ಲಿ ಆಟಗಾರರ ಕಾಲಿಗೆ ಪಟ್ಟಿ ಸುತ್ತುತ್ತಾ ಕೂರುತ್ತಿದ್ದೆ. ಕ್ಲಬ್ಬಿನಲ್ಲಿ ಇದ್ದವರೆಲ್ಲ ಹಗಲು ಬೇರೆ ಕೆಲಸ ಮಾಡುವವರೇ. ಬಡಗಿ, ಬೇಕರಿಯವನು, ಒಬ್ಬ ಗ್ರೀಕ್ ಕ್ಷೌರಿಕ. ಡೆನಿಸ್‌ನ ಜಾಗಕ್ಕೆ ಬಂದ ಸ್ಟ್ರೈಕರು ಪಕ್ಕದ ಹ್ಯಾಮ್‌ಟ್ರ್ಯಾಮಿಕ್ ಊರಿನ ಸ್ಟಾನ್, ಪೋಲಿಷ್ ಮನೆತನದವನು. ಕಾರಿನ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುತ್ತಿದ್ದ. ಆನೆಯಂಥ ಆಳು, ಮನೆಯಲ್ಲಿ ಎರಡು ಮಕ್ಕಳು.

ಡೆನಿಸ್ ಮುಂದೆ ಆ ಕ್ಲಬ್ಬನ್ನು ಎಪ್ಪತ್ತರ ದಶಕದ ಬಹುಪಾಲು ನಡೆಸಿದ, ಆಮೇಲೆ ಕಾರ್ಕ್‌ಗೆ ಹೋಗಿ ಅಲ್ಲಿಯೂ ಒಂದು ತಂಡಕ್ಕೆ ಮ್ಯಾನೇಜರಾಗಿ ಒಳ್ಳೆಯ ಹೆಸರು ಮಾಡಿದ. ಆದರೆ ಆ ಮೊದಲ ವರ್ಷ ನೋಡಿದ್ದರೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಸೋಲು, ಮತ್ತೆ ಸೋಲು. ನಡುವೆ ಒಂದು ಗೆಲುವು, ಅದೂ ಎದುರಿನವನೇ ತನ್ನ ಗೋಲಿಗೆ ಹೊಡೆದುಕೊಂಡದ್ದರಿಂದ. ಕೊನೆಗೆ ಮಾಲೀಕ ಹೇಳಿಬಿಟ್ಟ: ಲೀಗಿನ ಪಟ್ಟಿಯಲ್ಲಿ ಕೊನೆಯ ಜಾಗಕ್ಕೆ ಇಳಿದರೆ ಕ್ಲಬ್ಬು ಮುಚ್ಚುತ್ತೇನೆ. ಉಳಿದಿದ್ದದ್ದು ಒಂದೇ ಮ್ಯಾಚು, ಅದೂ ಶಿಕಾಗೋದಿಂದ ಬಂದ ತಂಡದ ಮೇಲೆ. ಗೆಲ್ಲಬೇಕಾಗಿರಲಿಲ್ಲ, ಸಮ ಮಾಡಿಕೊಂಡರೆ ಸಾಕಿತ್ತು.

ಮ್ಯಾಚಿಗೆ ಮೊದಲು ನಾನು ನನ್ನ ಕೋಣೆಯಲ್ಲಿದ್ದೆ. ಗೋಡೆಯ ಆಚೆ ಆಟಗಾರರ ಬಚ್ಚಲು. ನಲ್ಲಿಯ ನೀರು ಬಹಳ ಹೊತ್ತಿನಿಂದ ಸುರಿಯುತ್ತಲೇ ಇತ್ತು. ಡೆನಿಸ್‌ನ ಹೆಜ್ಜೆ ಕೇಳಿಸಿತು, ನಿಂತಿತು. ನಲ್ಲಿ ನಿಂತಿತು. ತೆಳ್ಳನೆಯ ಗೋಡೆ, ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಎಷ್ಟು ದಿನದಿಂದ ಹೀಗೆ, ಸ್ಟಾನ್?"

"ಇವತ್ತೊಂದಿನ ಬಾಸ್. ಏನೋ ತಿಂದಿದ್ದು ಆಗಲಿಲ್ಲ."

"ಸುಳ್ಳು ಹೇಳಬೇಡ. ನಾನು ಈ ನಲ್ಲಿ ಕೆಲಸ ನಿನಗಿಂತ ಜಾಸ್ತಿ ವರ್ಷ ಮಾಡಿದೀನಿ."

ಆಮೇಲೆ ಸ್ಟಾನ್ ದನಿ: "ಇಡೀ ಸೀಸನ್ನಿಗೆ ಎರಡೇ ಗೋಲು ಬಾಸ್. ಇವತ್ತು ಹೊಡೀಲಿಲ್ಲ ಅಂದ್ರೆ…"

"ಇವತ್ತು ನೀನು ಗೋಲ್ ಹೊಡೆಯೋದು ಬೇಡ."

"ಏನು?"

"ಬೇಡ ಅಂದೆ. ಅವರ ಹತ್ರ ಒಬ್ಬ ದೊಡ್ಡ ಡಿಫೆಂಡರ್ ಇದಾನೆ. ಅವನನ್ನ ಮೈದಾನ ಪೂರ್ತಿ ಸುತ್ತಾಡಿಸು, ಉಸಿರು ಬಿಡೋಕೆ ಬಿಡಬೇಡ. ನಿನ್ನ ಕೆಲಸ ಅಷ್ಟೇ. ಗೋಲು ಬರಲಿಲ್ಲ ಅಂತ ಯಾರಾದ್ರೂ ಕೇಳಿದ್ರೆ ಮ್ಯಾನೇಜರ್ ಬೇಡ ಅಂದ ಅಂತ ಹೇಳು. ನಾನು ನೋಡ್ಕೋತೀನಿ."

ಸ್ಟಾನ್ ಆ ದಿನ ಆಡಿದ ಹಾಗೆ ಯಾವತ್ತೂ ಆಡಿರಲಿಲ್ಲ. ಆ ದೊಡ್ಡ ಡಿಫೆಂಡರ್ ಒಂದು ಗಂಟೆಯೊಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ. ನಮ್ಮವರು ಮಾತ್ರ ಪಕ್ಕದಲ್ಲಿ ಪುಳಿಯೋಗರೆ ತಿನ್ನುತ್ತಾ, "ಏನೇ ಇದು, ಇಷ್ಟೊತ್ತಾಯ್ತು, ಒಂದೂ ಗೋಲ್ ಇಲ್ವಲ್ಲೇ?" ಅಂತ ಕೇಳುತ್ತಲೇ ಇದ್ದರು. ಆಟ ಮುಗಿಯಲು ಇನ್ನೇನು ಬಂತು ಅನ್ನುವಾಗ ಚೆಂಡು ಸ್ಟಾನ್‌ನ ಕಾಲಿಗೇ ಬಂದು ಬಿತ್ತು. ಎದುರಿಗೆ ಗೋಲ್‌ಕೀಪರ್ ಕೂಡ ಇರಲಿಲ್ಲ, ಜಾರಿ ಬಿದ್ದಿದ್ದ. ಸ್ಟಾನ್ ಒದ್ದ. ಚೆಂಡು ಗೋಲಿನ ಮೇಲಿಂದ ಹಾರಿ, ಬೇಲಿ ದಾಟಿ, ಪಾರ್ಕಿಂಗ್ ಲಾಟಿನಲ್ಲಿದ್ದ ಒಂದು ಕಾರಿನ ಮೇಲೆ ಢಮ್ ಅಂತ ಬಿತ್ತು. ಕಾರು ಮಾಲೀಕನದೇ. ಇಡೀ ಮೈದಾನ "ಅಯ್ಯೋ" ಅಂದಿತು. ಡೆನಿಸ್ ಬೆಂಚಿನಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಬೇರೆ ಚೆಂಡು ಬಂದದ್ದೇ ತಡ, ಆ ಕಡೆಯವರು ಅದನ್ನು ಒದೆಯುತ್ತಾ ಈ ಕಡೆಗೆ ಓಡಿಬಂದರು. ಅವರು ಹೊಡೆದ ಚೆಂಡು ನಮ್ಮ ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಸೀಟಿ. ಸೊನ್ನೆ, ಸೊನ್ನೆ. ಮೋರಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒಡೆದಿತ್ತು. ತಲೆ ತಗ್ಗಿಸಿ ಬರುತ್ತಿದ್ದ ಸ್ಟಾನ್ ಹತ್ತಿರ ಡೆನಿಸ್ ಕುಂಟುತ್ತಾ ಹೋಗಿ, "ನಾನು ಬೇಡ ಅಂದೆ ಅಂತ ಬೇಕೂಂತಲೇ ಕಾರಿಗೆ ಹೊಡೆದ್ಯಾ?" ಅಂದ. ಸ್ಟಾನ್ ನಕ್ಕ. ಅವನು ನಗುವುದನ್ನು ಆ ವರ್ಷ ನಾನು ನೋಡಿದ್ದು ಅದೇ ಮೊದಲು. ಮಾಲೀಕ ಕಾರಿನ ಬಾನೆಟ್ಟನ್ನು ಕೈಯಲ್ಲಿ ಸವರಿ ನೋಡಿ, ಡೆನಿಸ್‌ನ ಕೈ ಕುಲುಕಿ, "ಮುಂದಿನ ವರ್ಷ ಸ್ವಲ್ಪ ಗೋಲುಗಳನ್ನೂ ಹೊಡೆಸು," ಅಂದು ಹೋದ.

ಸಂಜೆ ಡೆನಿಸ್, ಮೋರಾ, ಅವರ ಮಕ್ಕಳೆಲ್ಲ ವಾರೆನ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಊಟಕ್ಕೆ ಬಂದರು. ಮಕ್ಕಳ ಗಲಾಟೆ, ಟಿವಿಯ ಗಲಾಟೆ, ನಮ್ಮವರು ಡೆನಿಸ್ ಜೊತೆ, ಸೊನ್ನೆ ಸೊನ್ನೆ ಆದರೂ ಗೆದ್ದ ಹಾಗೆ ಹೇಗೆ ಅಂತ ವಾದಿಸುತ್ತಿದ್ದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ವಾದ ನಿಂತಿತ್ತು. ಸೋಫಾದಲ್ಲಿ ಕೂತ ಹಾಗೆಯೇ ಡೆನಿಸ್ ನಿದ್ದೆ ಹೋಗಿದ್ದ, ಬಾಯಿ ತುಸು ತೆರೆದು, ಪಾಯಸದ ಬಟ್ಟಲು ಕೈಯಲ್ಲೇ. ಎಬ್ಬಿಸಲು ಹೋದ ತನ್ನ ಮಗಳಿಗೆ ಮೋರಾ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ನಮ್ಮವರು ಎದ್ದು ಟಿವಿಯ ಸದ್ದು ಕಡಿಮೆ ಮಾಡಿದರು. ಮೋರಾ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟಲು ತೆಗೆದುಕೊಂಡಳು, ಕಾರ್ಪೆಟ್ಟಿನ ಮೇಲೆ ಅವನ ಕಾಲಿಗೆ ಒರಗಿ ಕೂತಳು, ಉಳಿದಿದ್ದ ಪಾಯಸವನ್ನು ಮೆಲ್ಲಗೆ ತಾನೇ ತಿಂದು ಮುಗಿಸಿದಳು.